ಸುಲಭ ಜಯ

ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಗುಂಪು ಫೋಟೋದಲ್ಲಿ ತಲೆ ಎಣಿಸುವ ಚಟ ನನಗಿದೆ. ಮದುವೆಯದಾಗಲಿ, ಶಾಲೆಯದಾಗಲಿ, ಮನೆಯವರು ಒಳಗಿನಿಂದ ಚಹಾ ತರುವಷ್ಟರಲ್ಲಿ ಎಡದಿಂದ ಬಲಕ್ಕೆ ಎಣಿಸಿ, ಯಾರ ತಲೆ ಅರ್ಧಕ್ಕೆ ಕತ್ತರಿಸಿಹೋಗಿದೆ, ಯಾರು ಯಾರ ಹೆಗಲ ಹಿಂದೆ ಮುಚ್ಚಿಹೋಗಿದ್ದಾರೆ ಎಂದು ನೋಡಿ ಮುಗಿಸಿರುತ್ತೇನೆ. ಶಿವನ ಸಂಸಾರದ ಪಟಕ್ಕೆ ಕೈಮುಗಿಯುವಾಗಲೂ ಮನಸ್ಸು ತನ್ನಷ್ಟಕ್ಕೆ ತಾನು ನಂದಿಯನ್ನು ಸೇರಿಸಿಕೊಂಡು ಎಣಿಸುತ್ತಿರುತ್ತದೆ. ಇದು ಭಕ್ತಿಯಲ್ಲ, ಕಸುಬಿನ ಕಾಯಿಲೆ.

ಕೊಟ್ಟೂರಿನಲ್ಲಿ ನಾನು ಪೇಪರ್ ಏಜೆಂಟ್. ನಮ್ಮಂಥ ಊರುಗಳಲ್ಲಿ ಏಜೆಂಟನೇ ವರದಿಗಾರ. ಬೆಳಗಿನ ಜಾವ ಹಂಚುವವನೇ ಸಂಜೆ ಬರೆಯುವವನು. ಹತ್ತನೆಯ ತರಗತಿಯನ್ನು ಎರಡು ಸಲ ಓದಿದವನು ನಾನು. ಎರಡನೆಯ ಸಲವೂ ಗಣಿತ ನನ್ನನ್ನು ಮುಂದಕ್ಕೆ ಬಿಡಲಿಲ್ಲ. ಆದರೆ ಹಂಚುವ ಮೊದಲು ಪೇಪರನ್ನು ಬೀದಿದೀಪದ ಕೆಳಗೆ ಓದಿ ಓದಿ ಕನ್ನಡ ಕೈಹತ್ತಿತು. ವರದಿಗಾರಿಕೆಗೆ ಅಷ್ಟು ಸಾಕು ಎಂದುಕೊಂಡಿದ್ದೆ. ಅಷ್ಟೂ ಬೇಕಾಗಿಲ್ಲ ಎಂದು ಆಮೇಲೆ ಗೊತ್ತಾಯಿತು. ತಲೆ ಎಣಿಸಲು ಬಂದರೆ ಸಾಕು. ಫೋಟೋದಲ್ಲಿ ಎಷ್ಟು ತಲೆ ಇರುತ್ತವೋ ಅಷ್ಟು ಮನೆಗಳಲ್ಲಿ ಮರುದಿನ ಪೇಪರ್ ಕೇಳುತ್ತಾರೆ. ಹೆಸರು ಬಂದವರ ಅಳಿಯಂದಿರು, ಬೀಗರು ಬೇರೆ. ಆದ್ದರಿಂದಲೇ ನಮ್ಮ ಸುದ್ದಿಗಳಲ್ಲಿ ಸುದ್ದಿ ಎರಡು ಸಾಲು, 'ಉಪಸ್ಥಿತರಿದ್ದರು' ಎಂಬುದರ ಹಿಂದಿನ ಹೆಸರು ಹತ್ತು ಸಾಲು. ನೀವೂ ಓದಿರುತ್ತೀರಿ. ಓದಿರಲಿಕ್ಕಿಲ್ಲ, ಹುಡುಕಿರುತ್ತೀರಿ.

ಮೊನ್ನೆ ಆಫೀಸಿನಿಂದ ಫೋನ್ ಬಂತು. "ಮಹಿಳಾ ದಿನದ ಪುರವಣಿ ಮಾಡ್ತಾ ಇದೀವಿ. ನಿಮ್ಮ ಕಡೆಯಿಂದ ಒಬ್ಬ ಕ್ರೀಡಾ ಸಾಧಕಿ ಕಳಿಸಿ. ಮನೆ, ಮಕ್ಕಳು, ಆಟ ಎಲ್ಲಾ ಹೆಂಗೆ ಮ್ಯಾನೇಜ್ ಮಾಡ್ತಾರೆ ಅಂತ ಕೇಳಿ. ಒಂದು ಒಳ್ಳೆ ನಗುವ ಫೋಟೋ ಇರಲಿ."

ವರ್ಷದಲ್ಲಿ ಒಂದು ದಿನ ನಮ್ಮ ಪೇಪರಿಗೆ ಹೆಣ್ಣುಮಕ್ಕಳು ಆಡುತ್ತಾರೆಂಬುದು ನೆನಪಾಗುತ್ತದೆ. ಉಳಿದ ದಿನಗಳಲ್ಲಿ ಕ್ರೀಡಾಪುಟದಲ್ಲಿ ಗಂಡುಮಕ್ಕಳು ಗೆಲ್ಲುತ್ತಿರುತ್ತಾರೆ. ಗೆಲ್ಲದಿದ್ದರೂ ಅಡ್ಡಿಯಿಲ್ಲ, 'ಸೋತು ಮನ ಗೆದ್ದ' ಎಂಬ ತಲೆಬರಹ ಅವರಿಗಾಗಿ ಸದಾ ತಯಾರಿರುತ್ತದೆ. ಈ ಕೈಯಿಂದಲೇ ಎಷ್ಟು ಬರೆದಿದ್ದೇನೆ! ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಎಂದರೆ ಸಿಡಿಲು, ಮಿಂಚು, ಬಿರುಗಾಳಿ ಎಲ್ಲ ಬಂದು ಹೋಗುತ್ತಿದ್ದವು. ಮುಂಗಾರಿನ ವರದಿಯಲ್ಲೂ ನಾನು ಅಷ್ಟು ಸಿಡಿಲು ಬಳಸಿಲ್ಲ. ಅದೇ ಹುಡುಗಿಯರ ಪಂದ್ಯವಾದರೆ 'ಗಮನ ಸೆಳೆದರು'. ರಂಗೋಲಿ ಸ್ಪರ್ಧೆಯ ವರದಿಯಲ್ಲಿ ರಂಗೋಲಿ ತೆಗೆದು ಬಾಸ್ಕೆಟ್‌ಬಾಲ್ ಎಂದು ಹಾಕಿದರೆ ನಡೆಯುತ್ತಿತ್ತು, ಹಾಗೇ ನಡೆಸಿದ್ದೂ ಇದೆ. ಹುಡುಗರನ್ನು "ಮುಂದಿನ ಪಂದ್ಯಕ್ಕೆ ಏನು ತಯಾರಿ?" ಎಂದು ಕೇಳುತ್ತಿದ್ದೆ. ಹುಡುಗಿಯರನ್ನು "ಮನೆಯವರ ಸಹಕಾರ ಹೇಗಿದೆ?" ಎಂದು. ಮನೆಯವರ ಸಹಕಾರ ಹೇಗಿರುತ್ತದೆ ಎಂಬುದು ನನಗೆ ಗೊತ್ತಿರಬೇಕಾಗಿತ್ತು. ಆ ಮನೆಯವನು ನಾನೇ.

ನನ್ನ ತಂಗಿ ಕೊಟ್ರಮ್ಮ ನನಗಿಂತ ಏಳು ವರ್ಷ ಚಿಕ್ಕವಳು. ಮನೆಯಲ್ಲಿ ಕೊಟ್ರಿ. ಬಿತ್ತನೆಗೆ ಮುಂಚೆ ನಮ್ಮ ಪಡಸಾಲೆಯಲ್ಲಿ ಶೇಂಗಾ ರಾಶಿ ಬೀಳುತ್ತಿತ್ತು, ದೊಡ್ಡಪ್ಪನ ದಲ್ಲಾಳಿ ಅಂಗಡಿಯದು. ಬೀಜಕ್ಕೆಂದು ಕೈಯಲ್ಲೇ ಒಡೆಯಬೇಕು, ಬೀಜ ಇಬ್ಭಾಗವಾಗಬಾರದು. ನಾನು ಒಡೆಯುವುದಕ್ಕಿಂತ ತಿನ್ನುವುದೇ ಹೆಚ್ಚು. ಕೊಟ್ರಿ ಒಡೆದ ಬೀಜವನ್ನು ಕೂತಲ್ಲಿಂದಲೇ ನಡುಮನೆಯ ಹೊಸ್ತಿಲ ಆಚೆಗಿದ್ದ ಡಬ್ಬಿಗೆ ಎಸೆಯುತ್ತಿದ್ದಳು. ಠಣ್. ಠಣ್. ತಪ್ಪುತ್ತಿರಲಿಲ್ಲ. "ಲೇ, ಬೀಜ ಒಡೀತಾವು, ಸುಮ್ನೆ ಹಾಕು" ಎಂದು ಅವ್ವ ಬೈದರೆ, ತುದಿಬೆರಳಿನಿಂದ ಎತ್ತರಕ್ಕೆ ಹಾರಿಸಿ ಮೆತ್ತಗೆ ಬೀಳಿಸುವುದನ್ನು ಕಲಿತಳು. ಆಮೇಲೆ ಠಣ್ ಎನ್ನುತ್ತಿರಲಿಲ್ಲ. ಅವಳಿಗೆ ಯಾರೂ ಕೋಚ್ ಇರಲಿಲ್ಲ. ಅವ್ವನ ಬೈಗುಳವೇ ಕೋಚ್.

ಇನ್ನೊಂದು ಗುಟ್ಟನ್ನು ಇಲ್ಲೇ ಹೇಳಿಬಿಡಬೇಕು. ಅಪ್ಪ ಬೇಗ ಹೋಗಿಬಿಟ್ಟ. ಅವ್ವ ಅಂಗನವಾಡಿಯ ಸಹಾಯಕಿ, ಬೆಳಿಗ್ಗೆಯೇ ಮನೆ ಬಿಡುತ್ತಿದ್ದಳು. ಕೊಟ್ರಿಗೆ ರೊಟ್ಟಿ ಬರುತ್ತಿರಲಿಲ್ಲ. ಬಡಿಯಲು ಕೂತರೆ ರೊಟ್ಟಿ ಹರಿದು ಮೂರು ರಾಜ್ಯವಾಗುತ್ತಿತ್ತು. ಪೇಪರ್ ಹಂಚಿ ಬಂದ ಮೇಲೆ ನನಗೇನು ಕೆಲಸ? ನಾನೇ ಬಡಿಯುತ್ತಿದ್ದೆ. ಸಜ್ಜೆಯದು, ಜೋಳದ್ದು, ಎರಡೂ. ಉಬ್ಬುತ್ತಿದ್ದವು ಕೂಡ. ಗಂಡಸು ರೊಟ್ಟಿ ಬಡಿಯುತ್ತಾನೆಂದು ಓಣಿಗೆ ಗೊತ್ತಾಗಬಾರದೆಂದು ಬಾಗಿಲು ಮುಂದೆ ಮಾಡಿಕೊಂಡು ಬಡಿಯುತ್ತಿದ್ದೆ. ಪಟ ಪಟ ಸದ್ದು ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಜನ ಅದನ್ನು ಕೊಟ್ರಿಯ ಲೆಕ್ಕಕ್ಕೆ ಹಾಕಿಕೊಂಡರು. ನಾನೂ ಸುಮ್ಮನಿದ್ದೆ.

ಡಿಗ್ರಿ ಕಾಲೇಜಿನಲ್ಲಿ ಅವಳು ಬಾಸ್ಕೆಟ್‌ಬಾಲ್ ಸೇರಿದಳು. ತೆಲಿಗಿಯಿಂದ ಬಸ್ಸಿನಲ್ಲಿ ಬರುವ ಒಬ್ಬಳು, ಹಿರೇಹಡಗಲಿಯ ಕುರಿ ಸಾಕುವವರ ಮನೆಯ ಒಬ್ಬಳು, ಹೀಗೆ ಅಲ್ಲಿಂದ ಇಲ್ಲಿಂದ ಕೂಡಿದ ತಂಡ. ಮೂರನೆಯ ವರ್ಷ ಇವಳೇ ನಾಯಕಿ. ಆ ವರ್ಷದ ಅಂತರ ಕಾಲೇಜು ಪಂದ್ಯಾವಳಿ ಹರಪನಹಳ್ಳಿಯಲ್ಲಿ. ಅಲ್ಲಿ ಚೆನ್ನಾಗಿ ಆಡಿದವರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುತ್ತಾರೆ, ಶಿಬಿರ ಮುಗಿಸಿ ಚೆನ್ನೈಗೆ ಆಡಲು ಕರೆದೊಯ್ಯುತ್ತಾರೆ ಎಂಬ ಸುದ್ದಿ ಇತ್ತು. ಸುದ್ದಿಯೇನು, ಕೊಟ್ರಿಗೆ ಅದೇ ಉಸಿರಾಗಿತ್ತು.

ಆದರೆ ಉಸಿರಿಗೂ ದೊಡ್ಡಪ್ಪನ ಅಪ್ಪಣೆ ಬೇಕು. ಅಪ್ಪನ ನಂತರ ಮನೆಗೆ ಅವನೇ ಹಿರಿಯ. ಅವನ ಅಂಗಡಿಯಲ್ಲಿ ಬೆಳಿಗ್ಗೆ ಪೇಪರ್ ಓದುವುದೆಂದರೆ ಪುರಾಣ ಓದಿದ ಹಾಗೆ. ತಾನು ಗದ್ದಿಗೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಓದುವುದು, ಹಮಾಲರು, ಚೀಲ ತಂದ ರೈತರು ತಲೆದೂಗುವುದು. ಪೇಪರಿನಲ್ಲಿ ಬಂದದ್ದು ನಡೆದದ್ದು, ಬಾರದ್ದು ನಡೆಯದ್ದು. ಪೇಪರಿನಲ್ಲಿ ಬರಲಿಲ್ಲವೆಂದು ಓಣಿಯಲ್ಲಿ ಸತ್ತವರ ಸಾವನ್ನೇ ನಂಬದ ಮನುಷ್ಯ ಅವನು.

ಪಂದ್ಯಾವಳಿಯ ಹಿಂದಿನ ದಿನ ಕೊಟ್ರಿ ನನ್ನ ಮುಂದೆ ಕೂತಳು. ನಾನು ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕುತ್ತಿದ್ದೆ.

"ಅಣ್ಣಾ, ದೊಡ್ಡಪ್ಪ ನನ್ನ ಮಾತು ನಂಬಂಗಿಲ್ಲ. ನಿನ್ನ ಮಾತಂತೂ ಮೊದ್ಲೇ ನಂಬಂಗಿಲ್ಲ. ಪೇಪರ್ ನಂಬ್ತಾನ."

"ಅದಕ್ಕ?"

"ಅದಕ್ಕ ಬರಿ. ನಾವು ಹೆಂಗ ಆಡಿದ್ವಿ, ನಾ ಏನು ಮಾಡಿದೆ, ಇದ್ದದ್ದು ಇದ್ದಂಗ ಬರಿ. ಹುಡುಗ್ರಿಗೆ ಬರೀತಿಯಲ್ಲ, ಹಂಗ. ಅದನ್ನ ಅಂವ ಅಂಗಡಿಯಾಗ ಹತ್ತು ಮಂದಿ ಮುಂದ ಓದಿದ್ರ, ಆಮ್ಯಾಲ ಚೆನ್ನೈಗೆ ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ."

"ಅಷ್ಟೇನಾ? ಬರದ್ರಾತು ಬಿಡು," ಎಂದೆ. ಎಷ್ಟು ಸಲೀಸಾಗಿ ಎಂದೆ!

ಮರುದಿನ ಹರಪನಹಳ್ಳಿಗೆ ಹೋದೆ. ಹುಡುಗಿಯರ ಫೈನಲ್ ಇಟ್ಟಿದ್ದು ನಡುಮಧ್ಯಾಹ್ನಕ್ಕೆ. ಸಿಮೆಂಟಿನ ಅಂಗಳ, ಕಾಲಿಟ್ಟರೆ ಅದೂ ಹಂಚೇ. ಹುಡುಗರ ಫೈನಲ್ ಸಂಜೆ ತಂಪಿನಲ್ಲಿ, ಶಾಮಿಯಾನ, ಮೈಕು, ಕುರ್ಚಿಗಳಿಗೆ ಬಿಳಿ ಬಟ್ಟೆ. ಅತಿಥಿಗಳು ಬರುವುದು ಸಂಜೆಗೇ. ಅತಿಥಿಗಳಿಲ್ಲದ ಪಂದ್ಯ ನಮ್ಮ ಕಸುಬಿನಲ್ಲಿ ನಡೆದಿಲ್ಲವೆಂದೇ ಲೆಕ್ಕ. ಅದೂ ಅಲ್ಲದೆ, ಸಂಘಟಕರಲ್ಲಿ ಒಬ್ಬರು ಭುಜ ಹಿಡಿದುಕೊಂಡು, "ಬಿಸಿಲಾಗೆ ಏನು ನಿಂತ್ಕಂತೀರ ಬರ್ರೀ, ಹುಡ್ಗೇರು ಆಡೋದೇನು ನೋಡೋದು? ಗೆದ್ದೋರು ಯಾರು ಅಂತ ನಾನೇ ಹೇಳ್ತೀನಿ," ಎಂದರು. ಕಾಲೇಜಿನ ಹಿಂದೆ ಬೇವಿನ ಮರದ ಕೆಳಗೆ ಬಿಸಿಬಿಸಿ ಮಿರ್ಚಿ ಕರಿಯುತ್ತಿದ್ದರು. ಹೋದೆ. ಮಂಡಕ್ಕಿ, ಮಿರ್ಚಿ, ಮೇಲೊಂದು ಸೋಡಾ. ಅಂಗಳದ ಕಡೆಯಿಂದ ಆಗಾಗ ಕೂಗು ಕೇಳುತ್ತಿತ್ತು. ಕೊನೆಗೆ ಒಮ್ಮೆ ಕೂಗು ನಿಂತೇ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಗೇ ಮರದ ಕಾಗೆಗಳು ಹಾರುವಂಥ ಗದ್ದಲ.

"ನಿಮ್ಮೋರೇ ಗೆದ್ರಂತೆ ನೋಡ್ರಿ," ಎಂದರು ಸಂಘಟಕರು. "ಇನ್ನೊಂದು ಮಿರ್ಚಿ ಹಾಕ್ಸಲಾ?"

ಹಾಕಿಸಿಕೊಂಡೆ.

ಸಂಜೆ ಅತಿಥಿಗಳು ಬಂದರು. ಬಹುಮಾನ ಕೊಡುವಾಗ ಹನ್ನೊಂದು ತಲೆ ವೇದಿಕೆಯ ಮೇಲೆ. ಒಂದನ್ನು ಬಿಟ್ಟರೂ ನನಗೆ ಮರುದಿನ ಆ ಊರಿಗೆ ಕಾಲಿಡುವಂತಿಲ್ಲ. "ಸ್ವಲ್ಪ ಒತ್ತಿ ನಿಂದರ್ರಿ, ಹುಡುಗ್ಯಾರು ಒಂಚೂರು ಹಿಂದ ಸರೀರಿ," ಎಂದೆ. ತಂಗಿಯೂ ಸರಿದಳು. ಹನ್ನೊಂದೂ ತಲೆ ಸ್ಪಷ್ಟವಾಗಿ ಬಂದವು. ಟ್ರೋಫಿ ಬಂತು. ಟ್ರೋಫಿ ಹಿಡಿದ ಕೈ ಬಂತು. ಕೈಯ ಒಡತಿ ಬರಲಿಲ್ಲ.

ವರದಿ ಬರೆಯುವಾಗ ಪಂದ್ಯ ಹೇಗಾಯಿತೆಂದು ಕೇಳಲು ನಾಚಿಕೆ. ಕೇಳಿದರೆ ನೋಡಿಲ್ಲವೆಂದು ಗೊತ್ತಾಗುತ್ತದೆ. ಅಂಥ ಹೊತ್ತಿಗೆಂದೇ ನಮ್ಮ ಬಳಿ ಎರಡು ಶಬ್ದ ಇರುತ್ತವೆ: ಸುಲಭ ಜಯ. ನೋಡದ ಪಂದ್ಯಗಳೆಲ್ಲ ಸುಲಭವಾಗಿಯೇ ಮುಗಿಯುತ್ತವೆ. ಹುಡುಗರ ಫೈನಲ್ಲಿಗೆ ಅರ್ಧ ಪುಟ ಸಿಡಿಲು ಸುರಿಸಿ, ಉಳಿದ ಮೂಲೆಯಲ್ಲಿ ಇವರದನ್ನು ತುರುಕಿದೆ. ತಂಗಿಯೆಂಬ ಪ್ರೀತಿಗೆ ತಲೆಬರಹ ಮಾತ್ರ ವಿಶೇಷವಾಗಿರಲಿ ಎಂದು ಯೋಚಿಸಿ ಯೋಚಿಸಿ ಇಟ್ಟೆ: 'ರೊಟ್ಟಿ ಬಡಿಯುವ ಕೈಗೆ ಬಾಸ್ಕೆಟ್‌ಬಾಲ್ ಟ್ರೋಫಿ'. ಆಫೀಸಿನವರು ಫೋನ್ ಮಾಡಿ, "ಭಲೇ, ಹೆಡ್ಡಿಂಗ್ ಅಂದ್ರೆ ಇದು" ಎಂದರು. ನನ್ನ ಇಷ್ಟು ವರ್ಷದ ಸೇವೆಯಲ್ಲಿ ಸಿಕ್ಕ ಏಕೈಕ ಪ್ರಶಂಸೆ ಅದು. ಆ ರಾತ್ರಿ ಹಿಗ್ಗಿನಲ್ಲಿ ಸರಿಯಾಗಿ ಊಟ ಸೇರಲಿಲ್ಲ.

ಬೆಳಿಗ್ಗೆ ಅಂಗಡಿಯಲ್ಲಿ ದೊಡ್ಡಪ್ಪ ಕನ್ನಡಕ ಏರಿಸಿ ಪುರಾಣಕ್ಕೆ ಕೂತ. ಕೊಟ್ರಿ ಬಾಗಿಲ ಹತ್ತಿರ, ನಾನು ತಕ್ಕಡಿಯ ಹತ್ತಿರ. ಅವನು ಹನ್ನೊಂದು ಹೆಸರುಗಳನ್ನೂ ಓದಿದ. ನಡುನಡುವೆ "ಇಂವ ನಮ್ಮ ಗಿರಾಕಿ" ಎಂದ. ಕೊನೆಗೆ ಪೇಪರ್ ಮಡಿಚಿದ.

"ಹೆಸರು ತಂದಿ ಬಿಡವ್ವ, ಶಭಾಷ್."

"ದೊಡ್ಡಪ್ಪ, ನನ್ನ ಯೂನಿವರ್ಸಿಟಿ ಟೀಮಿಗೆ ಆರಿಸ್ಯಾರ. ಶಿಬಿರಕ್ಕ ಹೋಗಬೇಕು. ಆಮ್ಯಾಲ ಚೆನ್ನೈ."

"ಚೆನ್ನೈ ಯಾಕವ್ವ?" ದೊಡ್ಡಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎದುರು ನಿಲ್ಲಬಹುದಿತ್ತು. ಪೇಪರಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಹೇಳಿದ: "ಇಲ್ಲೇ ಐತಲ್ಲ, ಸುಲಭ ಜಯ ಅಂತ. ಇಷ್ಟು ಸುಲಭ ಇದ್ದದ್ದಕ್ಕ ಅಷ್ಟು ದೂರ ಯಾಕ ಹೋಗಬೇಕು? ಗೆದ್ದಾತು. ಮುಗೀತು."

"ಸುಲಭ ಇರಲಿಲ್ಲ ದೊಡ್ಡಪ್ಪ! ಒಂದೇ ಪಾಯಿಂಟು! ಕೊನೀಗೆ ಇನ್ನೇನು ಸೋತ್ವಿ ಅನ್ನೂದ್ರಾಗ..." ಅವಳು ನನ್ನ ಕಡೆ ತಿರುಗಿದಳು. "ಅಣ್ಣಾ, ಅಲ್ಲೇ ಇದ್ದೆ ಅಂದಿಯಲ್ಲ. ಹೇಳು. ಸುಲಭ ಇತ್ತಾ?"

ಆಗ ಹೇಳಬಹುದಾಗಿತ್ತು. ನಾನು ನೋಡಿಲ್ಲ, ಬರೆದದ್ದು ಸುಳ್ಳು ಎಂದರೆ ಮುಗಿಯುತ್ತಿತ್ತು. ಆದರೆ ಅಂಗಡಿ ತುಂಬ ಜನ. ಹತ್ತನೆಯದು ಫೇಲಾದ ಹುಡುಗನನ್ನು ಎಲ್ಲರೂ "ವರದಿಗಾರ್ರು" ಎಂದು ಕರೆಯುವ ಒಂದೇ ಒಂದು ಜಾಗ ಅದು. ಪೇಪರಿನಲ್ಲಿ ಸುಳ್ಳು ಬರುತ್ತದೆಂದು ಅಲ್ಲಿ ಒಪ್ಪಿಕೊಂಡರೆ ನಾನು ಮತ್ತೆ ಪೇಪರ್ ಹಾಕುವ ಹುಡುಗ.

"ಪೇಪರ್‌ನಾಗ ಬಂದೈತಲ್ಲ," ಎಂದೆ.

ಕೊಟ್ರಿ ಅಂಗಡಿಯ ಮೆಟ್ಟಿಲಿಳಿದು ಹೋದಳು.

ನನ್ನ ಹೆಮ್ಮೆಯ ತಲೆಬರಹ ಸುಮ್ಮನೆ ಕೂರಲಿಲ್ಲ. ದೊಡ್ಡಪ್ಪ ಆ ಮೂಲೆಯನ್ನು ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೂರು ತಿರುಗಿದ. ಶಿಬಿರ ಶುರುವಾಗಬೇಕಿದ್ದ ವಾರವೇ ಕಾನಹೊಸಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಹೈವೇ ಮೇಲೆ ಎರಡು ಅಂಗಡಿ, ಬೋರು, ಒಬ್ಬನೇ ಮಗ. ಗಂಡಿನ ತಾಯಿಗೆ ಆ ಸುದ್ದಿ ಬಾಯಿಪಾಠ. "ಡಿಗ್ರಿನೂ ಓದ್ಯಾಳ, ಕಪ್ಪೂ ತಂದಾಳ, ರೊಟ್ಟಿನೂ ಬಡೀತಾಳಂತ. ಪೇಪರ್‌ನಾಗ ಬಂದ ಮ್ಯಾಲ ಇನ್ನೇನು ಕೇಳೂದೈತಿ?" ಎಂದಳು. ಬೀದಿದೀಪದ ಕೆಳಗೆ ಕನ್ನಡ ಕಲಿತದ್ದು ಸಾರ್ಥಕವಾಯಿತು. ನಾನು ಪಂದ್ಯದ ವರದಿ ಬರೆದಿರಲಿಲ್ಲ, ವಧು ಬೇಕಾಗಿದ್ದವರಿಗೆ ಜಾಹೀರಾತು ಬರೆದಿದ್ದೆ. ಅದೂ ಪುಕ್ಕಟೆ.

ಕೊಟ್ರಿ ತಟ್ಟೆ ಹಿಡಿದು ಬಂದು ಎಲ್ಲರೆದುರು ನಿಂತು ಹೇಳಿದಳು: "ರೊಟ್ಟಿ ನನಗ ಬರಂಗಿಲ್ರಿ. ನಮ್ಮನಿಯಾಗ ರೊಟ್ಟಿ ಬಡಿಯಾವ ನಮ್ಮಣ್ಣ. ಬೇಕಂದ್ರ ಅವನ್ನ ಕರಕೊಂಡು ಹೋಗ್ರಿ."

ಗಂಡಿನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವರು ಹೋದರು. ಆ ಸಂಬಂಧ ಹೋಯಿತೆಂದು ಅವ್ವ ಅತ್ತಳು. ದೊಡ್ಡಪ್ಪ ನಾಲ್ಕು ದಿನ ಮಾತು ಬಿಟ್ಟ. ಓಣಿಯವರು ವರ್ಷಗಟ್ಟಲೆ ನನ್ನನ್ನು "ರೊಟ್ಟಿ ಆದ್ವನ್ರಿ?" ಎಂದು ಕೇಳಿ ನಕ್ಕರು. ಇದೆಲ್ಲದರ ನಡುವೆ ಶಿಬಿರ ಶುರುವಾಗಿತ್ತು, ಅವಳ ಜಾಗಕ್ಕೆ ಬೇರೆ ಯಾರನ್ನೋ ತೆಗೆದುಕೊಂಡಿದ್ದರು. ಚೆನ್ನೈನಲ್ಲಿ ಏನಾಯಿತೆಂದು ಪೇಪರಿನಲ್ಲಿ ಬರಲಿಲ್ಲ. ಅದು ಹುಡುಗಿಯರ ಪಂದ್ಯ.

ಅವಳಿಗೆ ಮತ್ತೊಂದು ಅವಕಾಶ ಬರಲಿಲ್ಲ, ಅದು ಕೊನೆಯ ವರ್ಷ. ದೈಹಿಕ ಶಿಕ್ಷಣ ಓದಿದಳು. ತಾನೇ ಮೆಚ್ಚಿದವನನ್ನು ಮದುವೆಯಾಗಿ ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಾಳೆ. ಹಬ್ಬಕ್ಕೆ ಬರುತ್ತಾಳೆ, ನಗುತ್ತಾಳೆ, ನಾನು ಬಡಿದ ರೊಟ್ಟಿಯನ್ನು ಎರಡು ಹೆಚ್ಚೇ ತಿನ್ನುತ್ತಾಳೆ. ಆ ಪಂದ್ಯದ ಮಾತು ಮಾತ್ರ ನಿನ್ನೆಯವರೆಗೂ ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಅಂಗಳದ ಬಾಸ್ಕೆಟ್ ಕಂಬದ ಪಕ್ಕ ನಿಂತು ಪೂರ್ತಿ ನೋಡಿದೆನೆಂದು ಆ ದಿನ ಸಂಜೆ ಅವಳಿಗೆ ಹೇಳಿದ್ದೆ. ಆ ಸುಳ್ಳು ಹಾಗೇ ನಿಂತಿತ್ತು, ಕಂಬದ ಹಾಗೆ.

ಆಫೀಸಿನಿಂದ ಸಾಧಕಿ ಬೇಕೆಂದಾಗ, ನಾಚಿಕೆಯಿಲ್ಲದ ನನಗೆ ಇವಳ ನೆನಪೇ ಬಂತು. ನಿನ್ನೆ ಸಂಜೆ ಬಸ್ಸು ಹತ್ತಿ ಹೋದೆ. ಶಾಲೆಯ ಹಿಂದೆ ಅಂಗಳ. ಪೈಜಾಮದ ಮೇಲೆ ಟೀಶರ್ಟು ಹಾಕಿದ ಹುಡುಗಿಯರು ಚೆಂಡು ಬಡಿಯುತ್ತ ಓಡುತ್ತಿದ್ದರು. ಕೊಟ್ರಿ ಕೊರಳಲ್ಲಿ ಸೀಟಿ ಹಾಕಿಕೊಂಡು ಒಬ್ಬೊಬ್ಬಳ ಮೊಣಕೈಯನ್ನೂ ತಿದ್ದುತ್ತಿದ್ದಳು. "ಎತ್ತರಕ್ಕ ಹಾರಸ್ರವ್ವಾ, ಮೆತ್ತಗ ಬೀಳಬೇಕು!"

ನನ್ನನ್ನು ನೋಡಿ ಬಂದಳು. ಬಂದ ಕೆಲಸ ಹೇಳಿದೆ. ದುಪ್ಪಟ್ಟಾದಲ್ಲಿ ಬೆವರು ಒರೆಸಿಕೊಳ್ಳುತ್ತ ಕೇಳಿದಳು: "ಏನು ಬರೀತಿ?"

"ನೀ ಹೇಳಿದ್ದು. ಇದ್ದದ್ದು ಇದ್ದಂಗ. ನಿಂದು, ಈ ಹುಡುಗ್ಯಾರದು, ಎಲ್ಲಾರ ಹೆಸರು ಹಾಕ್ತೀನಿ."

"ಬ್ಯಾಡಣ್ಣ. ನಿನ್ನ ಕೈ ನನಗ ಗೊತ್ತಿಲ್ಲನು? ಇವರಿಗೆ ಇನ್ನೂ ಮದುವಿ ವಯಸ್ಸಾಗಿಲ್ಲ."

ನಕ್ಕಳು. ನನಗೂ ನಗು ಬಂತು. ನಗುವಿನ ಜೊತೆಗೇ, ತಡೆಯಬೇಕೆನ್ನುವಷ್ಟರಲ್ಲಿ, ಇನ್ನೊಂದೂ ಬಾಯಿಂದ ಹೊರಬಿತ್ತು.

"ಕೊಟ್ರಿ, ಆವತ್ತು ಹರಪನಹಳ್ಳಿಯಾಗ ನಾ ನಿನ್ನ ಆಟ ನೋಡಲಿಲ್ಲವ್ವ. ಹಿಂದ ಮಿರ್ಚಿ ತಿನ್ನಕೋತ ಕುಂತಿದ್ದೆ."

ಅವಳ ನಗು ಹೋಗಲಿಲ್ಲ, ಸ್ವಲ್ಪ ಸಣ್ಣದಾಯಿತು.

"ಗೊತ್ತೈತಿ. ಚೆಂಡು ಒಳಗ ಬಿದ್ದ ಕೂಡ್ಲೆ ನಾ ತಿರುಗಿ ನೋಡಿದ್ದು ನಿನ್ನ. ನಾಲ್ಕೂ ಕಡೆ ನೋಡಿದೆ. ನೀ ಇರಲಿಲ್ಲ."

ನಾನು ಏನೋ ಹೇಳಲು ಹೋದೆ. ಅವಳು ಕೈ ಅಡ್ಡ ಹಿಡಿದಳು.

"ಅದಕ್ಕ ಸಿಟ್ಟಿಲ್ಲ ಬಿಡು. ಬಿಸಿಲಿತ್ತು, ಹಸಿದಿದ್ದಿ. ಆದ್ರ ನೀ ಬರದದ್ದನ್ನ ಎಷ್ಟೋ ಸಲ ಓದಿದೆ ಅಣ್ಣ. ಓದಿ ಓದಿ, ಹೌದಾ, ಸುಲಭ ಇತ್ತೇನೋ, ನನಗಷ್ಟೇ ಕಷ್ಟ ಅನಿಸಿತ್ತೇನೋ ಅಂತ ನನ್ನ ಆಟದ ಮ್ಯಾಲ ನನಗೇ ಅನುಮಾನ ಬಂತು."

ಅಷ್ಟು ಹೇಳಿ ಸೀಟಿ ಊದಿ, ಹುಡುಗಿಯರ ಕಡೆಗೆ ಓಡಿದಳು.